ಹನ್ನೊಂದನೇ ಬೆಡ್ಡಿನವರು ಆಡದ ಮಾತು

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ರೆಕಾರ್ಡುಗಳನ್ನೆಲ್ಲ ಕೈಯಲ್ಲೇ ಬರೆಯಬೇಕಿತ್ತು. ತಲೆಬರಹಕ್ಕೆ ಕಪ್ಪು ಪೆನ್ನು, ಒಳಗಿನದಕ್ಕೆ ನೀಲಿ. ಅಡಿಗೆರೆಯನ್ನು ಸ್ಕೇಲಿಟ್ಟು ಎಳೆಯಬೇಕು. ಪ್ರಿಂಟ್ ತೆಗೆಸಿ ಅಂಟಿಸಿದರೆ ಮೇಡಂ ಹರಿದು ಹಾಕುತ್ತಿದ್ದರು. ಕೈಯಲ್ಲಿ ಬರೆದಿದ್ದರೆ ಅದು ನಾವೇ ಯೋಚಿಸಿ ಬರೆದದ್ದು ಅಂತ ಅವರ ಲೆಕ್ಕ.

ಅದು ಎಂಥ ಲೆಕ್ಕ ಅಂತ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸಂಜೆ ಐದು ಗಂಟೆಗೆ ಹಾಸ್ಟೆಲಿನ ಊಟದ ಹಾಲಿಗೆ ಬಂದರೆ ಉದ್ದದ ಟೇಬಲ್ಲುಗಳ ಮೇಲೆ ಸಾಲಾಗಿ ಮೊಬೈಲುಗಳು ಸ್ಟೀಲ್ ಲೋಟಕ್ಕೆ ಒರಗಿಕೊಂಡು ನಿಂತಿರುತ್ತಿದ್ದವು. ಎಐ ಬರೆದುಕೊಟ್ಟದ್ದನ್ನು ನೋಡಿಕೊಂಡು ಇಳಿಸುವುದು. ಬಗ್ಗಿದ ತಲೆಗಳು, ನೀಲಿ ಪೆನ್ನು, ಕಪ್ಪು ಪೆನ್ನು, ಸ್ಕೇಲು. ಯಾರೂ ಓದುತ್ತಿರಲಿಲ್ಲ. ಮೇಡಂ ಒಂದು ಸಲ ಕ್ಲಾಸಿನಲ್ಲಿ, ಯಾರ್ಯಾರು ಮೊಬೈಲಿನಲ್ಲಿ ಬರೆಸುತ್ತೀರಿ, ಕೈ ಎತ್ತಿ ಅಂದರು. ಒಂದು ಕೈಯೂ ಮೇಲೆ ಹೋಗಲಿಲ್ಲ. ಅವರು ಸಂತೋಷ ಅಂತ ಹೇಳಿ ಪಾಠ ಮುಂದುವರಿಸಿದರು. ಮತ್ತೆ ಯಾವತ್ತೂ ಕೇಳಲಿಲ್ಲ.

ನಾನು ಆ ಕ್ಲಾಸಿಗೆ ಸೇರಿದಾಗ ನನಗೆ ಮೂವತ್ತಮೂರು. ಹುಲಿಯೂರುದುರ್ಗದವನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು, ಗಣಿತ ಎರಡೂ ಹೋದ ಮೇಲೆ ಊರಲ್ಲೇ ಅದೂ ಇದೂ ಮಾಡಿಕೊಂಡಿದ್ದು, ಇಪ್ಪತ್ತಕ್ಕೆ ಕುಣಿಗಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ಅಟೆಂಡರ್ ಆಗಿ ಸೇರಿ ಹದಿಮೂರು ವರ್ಷ ಅಲ್ಲೇ ಇದ್ದೆ. ಬೆಡ್‌ಪ್ಯಾನ್ ಇಟ್ಟೆ, ಸ್ಟ್ರೆಚರ್ ತಳ್ಳಿದೆ, ವಾಂತಿ ಒರೆಸಿದೆ, ಹೆಣಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಟ್ಟೆ. ಇದ್ಯಾವುದರಿಂದಲೂ ನನಗೆ ಹೇಸಿಗೆ ಅನ್ನಿಸಿದ್ದಿಲ್ಲ. ಅಲ್ಲಿನ ಹಿರಿಯ ಸಿಸ್ಟರ್ ಒಬ್ಬರು ಬೈದು ಬೈದು ನನ್ನಿಂದ ಪರೀಕ್ಷೆ ಕಟ್ಟಿಸಿದರು. ಇಪ್ಪತ್ತೆಂಟಕ್ಕೆ ಎಸ್ಸೆಸ್ಸೆಲ್ಸಿ ಆಯಿತು, ಮೂವತ್ತೊಂದಕ್ಕೆ ಪಿಯುಸಿ. ಆಮೇಲೆ ತುಮಕೂರಿನ ಈ ಕಾಲೇಜು. ಕ್ಲಾಸಿನಲ್ಲಿ ಎಲ್ಲರೂ ಹದಿನೆಂಟು, ಇಪ್ಪತ್ತು ವರ್ಷದವರು. ನನ್ನನ್ನು ಅಣ್ಣ ಅನ್ನುತ್ತಿದ್ದರು. ಇಂಜೆಕ್ಷನ್ ಹಾಕಲು ನರ ಸಿಗದಿದ್ದರೆ ನನ್ನನ್ನು ಕರೆಯುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ನಾನು ಅವರನ್ನು ಹುಡುಕಿಕೊಂಡು ಹೋಗುತ್ತಿದ್ದೆ.

ಎರಡನೇ ವರ್ಷ ನಮ್ಮನ್ನು ಮಾನಸಿಕ ರೋಗಿಗಳ ವಾರ್ಡಿಗೆ ಹಾಕಿದರು. ಅಲ್ಲಿ ಬರೆಯಬೇಕಾದ ಒಂದು ರೆಕಾರ್ಡಿಗೆ ಪ್ರೊಸೆಸ್ ರೆಕಾರ್ಡಿಂಗ್ ಅನ್ನುತ್ತಾರೆ. ಒಬ್ಬ ರೋಗಿಯ ಜೊತೆ ಮೂರು ದಿನ ಕೂತು ಮಾತಾಡಬೇಕು. ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕು. ಹಾಳೆಯಲ್ಲಿ ನಾಲ್ಕು ಕಾಲಂ: ನಾನು ಹೇಳಿದ್ದು, ರೋಗಿ ಹೇಳಿದ್ದು, ಅದರಿಂದ ನನಗೆ ತಿಳಿದದ್ದು, ನಾನು ಬಳಸಿದ ವಿಧಾನದ ಹೆಸರು. ಮದ್ದು, ಸೂಜಿ ಯಾವುದೂ ಇಲ್ಲದೆ ಬರೀ ಕಿವಿಯಿಂದ ಮಾಡುವ ಕೆಲಸ ಅಂತ ಮೇಡಂ ಹೇಳಿದ್ದು ನನಗೆ ಬಹಳ ಹಿಡಿಸಿತ್ತು. ಇದನ್ನು ನಾನೇ ಮಾಡುತ್ತೇನೆ ಅಂದುಕೊಂಡೆ.

ನನಗೆ ಕೊಟ್ಟದ್ದು ಹನ್ನೊಂದನೇ ಬೆಡ್. ಐವತ್ತರ ಸುಮಾರಿನವರು, ಹಾಗಲವಾಡಿ ಕಡೆಯವರು. ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ. ಒಂದು ದಿನ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿ, ಊಟ ನಿಲ್ಲಿಸಿ, ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದರಂತೆ. ಹೆಂಡತಿ ಕರೆತಂದು ಸೇರಿಸಿದ್ದರು. ಮೂರು ವಾರ ಮಾತ್ರೆ ನುಂಗಿ, ನಾನು ನೋಡುವ ಹೊತ್ತಿಗೆ ಎದ್ದು ಕೂರುತ್ತಿದ್ದರು, ಪೂರ್ತಿ ಊಟ ಮಾಡುತ್ತಿದ್ದರು. ಸ್ನಾನ ಆದ ಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ದಿಂಬಿನ ಪಕ್ಕ ಇಡುತ್ತಿದ್ದರು. ಅಂಗಿಯ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಳ್ಳುತ್ತಿದ್ದರು. ವಾರ್ಡಿನಲ್ಲಿ ಬಾಗಿಲು ಹಾಕಿಕೊಳ್ಳದೆ ಬಚ್ಚಲಿಗೆ ಹೋಗುವವರು ಎಷ್ಟೋ ಜನ. ಇವರು ಚಿಲಕ ಹಾಕಿ, ಅದು ಬಿದ್ದಿದೆಯೇ ಅಂತ ಎರಡು ಸಲ ಎಳೆದು ನೋಡುವವರು.

ಮಾತು ಮಾತ್ರ ಇರಲಿಲ್ಲ. ಶನಿವಾರ ನಾನು ಸ್ಟೂಲ್ ಎಳೆದುಕೊಂಡು ಮುಕ್ಕಾಲು ಗಂಟೆ ಕೂತೆ. ಊರು ಕೇಳಿದೆ, ಕೆಲಸ ಕೇಳಿದೆ, ನಿದ್ದೆ ಬಂತೇ ಅಂದೆ. ತಲೆ ಅಲ್ಲಾಡಿಸಿದರು. ನಾನು ಏಳುವಾಗ ಮಾತ್ರ ಕೇಳಿದರು:

“ಶುಕ್ರವಾರಕ್ಕೆ ಇನ್ನೆಷ್ಟ್ ದಿನ?”

“ಆರು,” ಅಂದೆ.

ಸೋಮವಾರವೂ ಅದೇ ಪ್ರಶ್ನೆ. ನಾಲ್ಕು ಅಂದೆ. ಮಂಗಳವಾರ ಮೂರು ಅಂದೆ. ಪ್ರತಿ ಸಲವೂ ಹ್ಞೂಂ ಅಂದು ಟವೆಲಿನ ಮಡಿಕೆ ಸರಿ ಮಾಡುತ್ತಿದ್ದರು.

ಶುಕ್ರವಾರ ಏನಿದೆ ಅಂತ ಹೇಳಿದ್ದು ಅವರ ಹೆಂಡತಿ. ಮಗಳಿಗೆ ಏಳು ತಿಂಗಳು, ಅವತ್ತು ಹಾಗಲವಾಡಿಯ ಮನೆಯಲ್ಲಿ ಸೀಮಂತ. ಗುಬ್ಬಿಯಿಂದ ಬೀಗರು ಬರುತ್ತಾರೆ. ಇವರು ಆಸ್ಪತ್ರೆಯಲ್ಲಿದ್ದಾರೆ ಅಂತ ಬೀಗರಿಗೆ ಹೇಳಿಲ್ಲ. ಕಂಪನಿಯವರು ಹೊಸೂರಿಗೆ ಕಳಿಸಿದ್ದಾರೆ, ಶುಕ್ರವಾರಕ್ಕೆ ಬಂದೇ ಬರುತ್ತಾರೆ ಅಂತ ಹೇಳಿದ್ದಾರೆ. ಮಗಳಿಗೆ ಗಂಡನ ಮನೆಯಲ್ಲಿ ಹುಚ್ಚನ ಮಗಳು ಅನ್ನಿಸಿಕೊಳ್ಳುವ ಹೆಸರು ಬರಬಾರದು, ಅದಕ್ಕೆ. ಡ್ಯೂಟಿ ಡಾಕ್ಟರು ಗುರುವಾರ ಬೆಳಿಗ್ಗೆ ಡಿಸ್ಚಾರ್ಜ್ ಅಂತ ಬರೆದೂ ಆಗಿತ್ತು. ಹೆಂಡತಿ ಅದನ್ನು ನನಗೆ ಎರಡು ಸಲ ಹೇಳಿದರು.

ಮಂಗಳವಾರ ಮಧ್ಯಾಹ್ನ ನನ್ನ ರಫ್ ಹಾಳೆಯನ್ನು ಮೇಡಂಗೆ ತೋರಿಸಿದೆ. ಅದರಲ್ಲಿದ್ದದ್ದು ಇಷ್ಟೇ: ಮೂರು ದಿನ, ಮೂರು ಸಲ ಅದೇ ಪ್ರಶ್ನೆ, ನಾನು ಕೊಟ್ಟ ಮೂರು ಉತ್ತರ. ಉಳಿದ ಕಡೆ ‘ರೋಗಿ ಸುಮ್ಮನಿದ್ದರು’ ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಬರೆದಿದ್ದೆ. ಮೇಡಂ ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವರು, ನನಗೆ ಬಹುವಚನವನ್ನೇ ಬಳಸುತ್ತಿದ್ದರು. ಹಾಳೆ ತಿರುವಿ ನೋಡಿ, ಹಿಂದೆಯೂ ಏನೂ ಇಲ್ಲದ್ದನ್ನು ಕಂಡು, ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದು ‘ಇನ್‌ಅಡಿಕ್ವೇಟ್’, ಅಂದರೆ ಸಾಲದು, ಅಂತ ಬರೆದು ಸಹಿ ಹಾಕಿದರು. ರೋಗಿ ಮಾತಾಡದಿದ್ದರೆ ಮಾತಾಡಿಸುವುದೇ ನಿಮ್ಮ ಕೆಲಸ ಅಲ್ಲವೇ ಅಂದರು. ನಾಳೆ ಫೇರ್ ಕಾಪಿ ಬೇಕು, ಮೂರು ಪುಟಕ್ಕೆ ಕಮ್ಮಿ ಇರಕೂಡದು ಅಂದರು.

ಅವತ್ತು ಸಂಜೆ ನಾನು ಆ ಹಾಳೆಯನ್ನು ಮುಂದಿಟ್ಟುಕೊಂಡು ಊಟದ ಹಾಲಿನಲ್ಲಿ ಕೂತಿದ್ದೆ. ನನ್ನ ಎದುರು ಕುಣಿಗಲ್ಲಿನವನೊಬ್ಬ ಕೂರುತ್ತಿದ್ದ. ಇಪ್ಪತ್ತು ವರ್ಷ, ಚುರುಕು, ಒಳ್ಳೆಯ ಮನಸ್ಸಿನವನೇ. ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವನು. ಹಾಳೆಯ ಮೇಲಿನ ಕೆಂಪು ನೋಡಿ ನಕ್ಕ.

“ಅಣ್ಣೋ, ಮೂರ್ ದಿನ ಕೂತ್ಕಂಡು ಇಷ್ಟೇನಾ ಮಾಡಿದ್ದು? ಮಾರ್ಕ್ಸ್ ಕೊಡೋದು ಪೇಪರ್ರಿಗೆ ಕಣಣ್ಣಾ, ಪೇಷೆಂಟಿಗಲ್ಲ. ಕೊಡಿಲ್ಲಿ.”

ಖಾಯಿಲೆ ಏನು ಅಂತ ಕೇಳಿದ. ಡಿಪ್ರೆಶನ್ ಅಂದೆ. ವಯಸ್ಸು, ಬೆಡ್ ನಂಬರು, ಕೆಲಸ, ಮೂರು ಪುಟ ಬೇಕು, ನಾಲ್ಕು ಕಾಲಂ ಇರಲಿ, ಇಷ್ಟನ್ನು ಮೊಬೈಲಿನೊಳಗೆ ಹೇಳಿದ. ನಾನು ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹನ್ನೊಂದನೇ ಬೆಡ್ಡಿನವರು ಮೂರು ಪುಟ ಮಾತಾಡಿ ಮುಗಿಸಿದ್ದರು.

ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಲೋಟಕ್ಕೆ ಮೊಬೈಲು ಒರಗಿಸಿಕೊಂಡು ಇಳಿಸಲು ಶುರು ಮಾಡಿದೆ. ನನ್ನ ಕೈ ನಿಧಾನ, ಎರಡು ಗಂಟೆ ಹಿಡಿಯಿತು. ಇಂಗ್ಲಿಷ್ ಪದಗಳನ್ನು ಅಕ್ಷರ ಅಕ್ಷರವಾಗಿ ನೋಡಿ ಬರೆಯುವಾಗ ಅರ್ಥ ತಲೆಗೆ ಹೋಗುವುದಿಲ್ಲ. ಗೋಡೆಗೆ ಬಣ್ಣ ಬಳಿದ ಹಾಗೆ ಒಂದು ಕಡೆಯಿಂದ ಬಳಿದುಕೊಂಡು ಬಂದೆ. ನಾಲ್ಕನೇ ಕಾಲಂನಲ್ಲಿ ಒಂದು ಕಡೆ ವಿಧಾನದ ಹೆಸರು ‘ಸೈಲೆನ್ಸ್’ ಅಂತ ಇತ್ತು. ನನ್ನ ರಫ್ ಹಾಳೆಯಲ್ಲಿ ಅದೇ ಸುಮ್ಮನಿರುವಿಕೆಗೆ ಕೆಂಪು ಗೀಟು ಬಿದ್ದಿತ್ತಲ್ಲ ಅಂತ ನಗು ಬಂತು. ಅಷ್ಟು ಮಾತ್ರ ನನಗೆ ಅರ್ಥವಾದದ್ದು. ಅಡಿಗೆರೆಗಳನ್ನು ಸ್ಕೇಲಿಟ್ಟು ಎಳೆದೆ. ನೋಡಲು ಚೆನ್ನಾಗಿತ್ತು. ನನಗೆ ಹೆಮ್ಮೆಯೂ ಆಯಿತು.

ಬುಧವಾರ ಬೆಳಿಗ್ಗೆ ಮೇಡಂ ಎಲ್ಲರ ರೆಕಾರ್ಡು ನೋಡಿ ನನ್ನದನ್ನು ಎತ್ತಿ ತೋರಿಸಿದರು. ನೋಡಿ, ವಯಸ್ಸಾದವರು ಎಷ್ಟು ಶ್ರದ್ಧೆಯಿಂದ ಮಾಡಿದ್ದಾರೆ ಅಂದರು. ವಾರ್ಡಿನ ಚಿಕ್ಕ ರೂಮಿನಲ್ಲಿ ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿ ತನ್ನ ರೆಕಾರ್ಡನ್ನು ಓದಬೇಕು, ಡ್ಯೂಟಿ ಡಾಕ್ಟರೂ ಬಂದು ಕೂರುತ್ತಾರೆ. ಆ ವಾರ ನನ್ನನ್ನು ನಿಲ್ಲಿಸಿದರು.

ಜೋರಾಗಿ ಓದುವಾಗ ಅರ್ಥ ತಲೆಗೆ ಹೋಗುತ್ತದೆ. ಎರಡನೇ ಪುಟದ ನಡುವೆ, ರೋಗಿ ಹೇಳಿದ್ದು ಅನ್ನುವ ಕಾಲಂನಲ್ಲಿ, ನನ್ನದೇ ಕೈಬರಹದಲ್ಲಿ ಹೀಗಿತ್ತು: ನಾನು ಬದುಕಿದ್ದು ಯಾರಿಗೂ ಉಪಯೋಗವಿಲ್ಲ, ಮನೆಗೆ ಹೋದ ಮೇಲೆ ಎಲ್ಲವನ್ನೂ ಮುಗಿಸಿಕೊಳ್ಳಬೇಕು ಅಂತಿದ್ದೇನೆ. ಪಕ್ಕದ ಕಾಲಂನಲ್ಲಿ, ಆತ್ಮಹತ್ಯೆಯ ಅಪಾಯ ಹೆಚ್ಚು.

ನಾನು ಅಲ್ಲಿ ನಿಲ್ಲಿಸಬೇಕಿತ್ತು. ನಾಲಿಗೆ ಒಂದು ಕ್ಷಣ ನಿಂತಿತು ಕೂಡ. ಮೇಡಂ, ಓದಿ ಓದಿ, ಉಚ್ಚಾರಣೆ ಪರವಾಗಿಲ್ಲ ಅಂದರು. ಓದಿದೆ. ಮೂರು ಪುಟವನ್ನೂ ಓದಿದೆ.

ಡಾಕ್ಟರು ಅಷ್ಟು ಹೊತ್ತು ಮೊಬೈಲು ನೋಡುತ್ತಿದ್ದವರು ಅದನ್ನು ಜೇಬಿಗೆ ಹಾಕಿಕೊಂಡಿದ್ದರು.

“ಈ ಮಾತು ಅವ್ರೇ ನಿಮ್ ಹತ್ರ ಹೇಳಿದ್ರಾ?”

ಮೇಡಂ ನನ್ನನ್ನೇ ನೋಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಕುಣಿಗಲ್ಲಿನವನು ನೆಲ ನೋಡುತ್ತಿದ್ದ.

“ಹೌದು ಸರ್,” ಅಂದೆ.

ಮೂವತ್ತನಾಲ್ಕು ವರ್ಷದ ಗಂಡಸು. ಹದಿಮೂರು ವರ್ಷ ಆಸ್ಪತ್ರೆಯಲ್ಲಿ ಇದ್ದವನು. ಅಂಥ ಮಾತು ಕೇಸ್ ಶೀಟಿಗೆ ಹೋದರೆ ಏನಾಗುತ್ತದೆ ಅಂತ ಆ ರೂಮಿನಲ್ಲಿದ್ದ ವಿದ್ಯಾರ್ಥಿಗಳಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನು.

ಊಟದ ಹೊತ್ತಿಗೆ ಮುಂಚೆ ಎಲ್ಲ ಆಗಿಹೋಯಿತು. ಡಿಸ್ಚಾರ್ಜ್ ಮೇಲೆ ಗೀಟು ಬಿತ್ತು. ಹನ್ನೊಂದನೇ ಬೆಡ್ಡಿನವರನ್ನು ಸಿಸ್ಟರುಗಳ ಟೇಬಲ್ಲಿನ ಎದುರಿಗೆ, ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ತಂದು ಹಾಕಿದರು. ನೇಣು ಹಾಕಿಕೊಂಡಾರು ಅಂತ ಅವರ ನಾಲ್ಕು ಮಡಿಕೆಯ ಟವೆಲನ್ನು ತೆಗೆದುಕೊಂಡರು. ಪೈಜಾಮದ ಲಾಡಿಯನ್ನು ಎಳೆದು ತೆಗೆದರು. ಎರಡನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ನಂಬರು ಬರೆದು ಬೀರುವಿನಲ್ಲಿಟ್ಟರು. ಬಚ್ಚಲಿಗೆ ಹೋದರೆ ಚಿಲಕ ಹಾಕುವಂತಿಲ್ಲ, ಬಾಗಿಲು ಅರ್ಧ ತೆರೆದಿರಬೇಕು, ಒಬ್ಬರು ನಿಂತಿರಬೇಕು. ಡಾಕ್ಟರು ಬಂದು ಅವರನ್ನು ಏನೇನೋ ಕೇಳಿದರು. ಅವರು ಎಂದಿನ ಹಾಗೇ ಸುಮ್ಮನಿದ್ದರು. ನಿನ್ನೆಯವರೆಗೂ ಅದು ಅವರ ಸ್ವಭಾವವಾಗಿತ್ತು. ಅವತ್ತು ಅದನ್ನು, ರೋಗಿ ವಿಷಯ ಮುಚ್ಚಿಡುತ್ತಿದ್ದಾರೆ ಅಂತ ಶೀಟಿನಲ್ಲಿ ಬರೆದರು.

ವಾರ್ಡ್ ಸಿಸ್ಟರ್ ನನ್ನನ್ನು ಕರೆದು, ನಿಮ್ಮ ಹತ್ತಿರ ತಾನೇ ಅವರು ಮನಸ್ಸು ಬಿಚ್ಚಿದ್ದು, ನೀವೇ ನೋಡಿಕೊಳ್ಳಿ ಅಂದರು.

ಹಾಗಾಗಿ ಬಚ್ಚಲ ಬಾಗಿಲಲ್ಲಿ ನಿಂತವನು ನಾನೇ. ಅವರು ಒಂದು ಕೈಯಲ್ಲಿ ಪೈಜಾಮ ಹಿಡಿದುಕೊಂಡು ಒಳಗೆ ಹೋದರು. ಬಾಗಿಲು ಹಾಕಲು ಕೈ ಚಾಚಿದರು. ನಾನು ಕಾಲು ಅಡ್ಡ ಇಟ್ಟೆ. ನನ್ನ ಮುಖ ನೋಡಿದರು, ಆಮೇಲೆ ಗೋಡೆ ಕಡೆ ತಿರುಗಿ ನಿಂತರು. ನಾನೂ ತಲೆ ತಿರುಗಿಸಿದೆ, ಆದರೆ ಕಾಲು ತೆಗೆಯಲಿಲ್ಲ. ಹೊರಗೆ ಬರುವಾಗ ಕೇಳಿದರು:

“ನಾಡಿದ್ದು ತಾನೆ, ಶುಕ್ರವಾರ?”

ಹೌದು ಅಂದೆ. ಅವತ್ತು ನಾನು ಆಡಿದ ಒಂದೇ ಒಂದು ನಿಜವಾದ ಮಾತು ಅದು.

ಸಂಜೆ ಊಟದ ಹಾಲಿನಲ್ಲಿ ವಿಷಯ ಎಲ್ಲರಿಗೂ ಗೊತ್ತಿತ್ತು. ಕುಣಿಗಲ್ಲಿನವನಿಗೆ ಮೊದಲು ಭಯವಾಗಿತ್ತು, ನಾನು ಯಾರ ಹೆಸರನ್ನೂ ಹೇಳಿಲ್ಲ ಅಂದ ಮೇಲೆ ಸರಿಹೋದ. ಎರಡು ದಿನ ಜಾಸ್ತಿ ಇದ್ದರೆ ಏನಾಗುತ್ತದೆ, ಊಟ ಕೊಡುತ್ತಾರಲ್ಲ ಅಂದ. ಸೀಮಂತದ ವಿಷಯ ಹೇಳಿದೆ.

ಗುಬ್ಬಿ ಕಡೆಯ ಒಬ್ಬಳು ಇದ್ದಳು, ಕ್ಲಾಸಿನಲ್ಲೇ ಮುದ್ದಾದ ಅಕ್ಷರ ಅವಳದು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕುವುದು, ಡ್ರೆಸಿಂಗ್ ಮಾಡುವುದು ನಮ್ಮ ಕೈಯೇ ತಾನೇ, ಅದನ್ನು ಯಂತ್ರದ ಹತ್ತಿರ ಮಾಡಿಸುತ್ತೇವೆಯೇ, ಬರವಣಿಗೆ ಯಾರು ಬರೆದರೇನು ಅನ್ನುವುದು ಅವಳ ವಾದ. ನನ್ನನ್ನು ಸಮಾಧಾನ ಮಾಡಲು ಅಂತ ತನ್ನದನ್ನು ಹೇಳಿದಳು:

“ನಿಮ್ದಾದ್ರೂ ವಾಸಿ ಬುಡಣ್ಣ. ನನ್ ಪೇಷೆಂಟು ಸೋಮವಾರ್ವೇ ಡಿಸ್ಚಾರ್ಜ್ ಆಗಿ ಹೋಗವ್ರೆ. ನನ್ ರೆಕಾರ್ಡಲ್ಲಿ ಇವತ್ತೂ ಮಾತಾಡ್ತಾನೇ ಅವ್ರೆ.”

ಹಾಲಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನ್ನ ಬಾಯಿಂದಲೇ ಬಂತು ಅನ್ನುವುದನ್ನು ಇಲ್ಲಿ ಬರೆಯದೆ ಬಿಟ್ಟರೆ ಇದೂ ಅಂಥದೇ ಇನ್ನೊಂದು ರೆಕಾರ್ಡು ಆಗುತ್ತದೆ.

ಆಮೇಲೆ ಕುಣಿಗಲ್ಲಿನವನು ಪರಿಹಾರ ಹುಡುಕಿದ. ನನ್ನ ಮೇಲಿನ ಪ್ರೀತಿಯಿಂದಲೇ ಹುಡುಕಿದ.

“ಅಣ್ಣ, ಇನ್ನೊಂದ್ ಮಾಡ್ಕೊಡ್ತೀನಿ ತಗಳಿ. ಇದ್ರಲ್ಲಿ ಅವ್ರು ಬದುಕ್ಬೇಕು ಅಂತಾರೆ. ನಾಳೆ ಬೆಳಿಗ್ಗೆ ಡಾಕ್ಟ್ರಿಗೆ ಕೊಟ್ಬುಡಿ, ಮುಗೀತು.”

ಮಾಡಿಯೂ ಕೊಟ್ಟ. ಈ ಸಲ ನಾನು ಪದ ಪದ ಓದಿದೆ, ಗೊತ್ತಾಗದ್ದನ್ನು ಗುಬ್ಬಿಯವಳ ಹತ್ತಿರ ಕೇಳಿಕೊಂಡು ಓದಿದೆ. ಅದರಲ್ಲಿ ಹನ್ನೊಂದನೇ ಬೆಡ್ಡಿನವರು, ನಿಮ್ಮ ಜೊತೆ ಮಾತಾಡಿದ ಮೇಲೆ ಮನಸ್ಸು ಹಗುರವಾಯಿತು, ನನ್ನ ಮಗಳ ಮುಖ ನೋಡಬೇಕು, ಆ ಯೋಚನೆಗಳೆಲ್ಲ ಹೋಗಿವೆ ಅನ್ನುತ್ತಿದ್ದರು. ನನಗೆ ಕೃತಜ್ಞತೆ ಬೇರೆ ಹೇಳುತ್ತಿದ್ದರು. ಅದನ್ನು ಓದುತ್ತಾ ಬಟ್ಟೆ ಒಗೆದ ನೀರನ್ನು ಲೋಟದಲ್ಲಿ ಹಿಡಿದು ಕುಡಿದ ಹಾಗಾಯಿತು. ಆದರೂ ಪೆನ್ನು ತೆಗೆದೆ. ಅರ್ಧ ಪುಟ ಇಳಿಸಿದೆ. ಇದರಿಂದ ಅವರು ಮನೆಗೆ ಹೋಗುವುದಾದರೆ ಹೋಗಲಿ ಅನ್ನಿಸಿತ್ತು. ಹೋಗಿಬಿಡುತ್ತಿದ್ದರೋ ಏನೋ.

ಗುರುವಾರ ಒಂಬತ್ತಕ್ಕೆಲ್ಲ ಅವರ ಹೆಂಡತಿ ಬಂದರು. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ. ಹನ್ನೊಂದನೇ ಬೆಡ್ಡಿನಲ್ಲಿ ಬೇರೆ ಯಾರೋ ಇದ್ದರು. ಗಂಡ ಟೇಬಲ್ಲಿನ ಎದುರಿಗೆ ಪೈಜಾಮ ಹಿಡಿದುಕೊಂಡು ಕೂತಿದ್ದರು. ಸಿಸ್ಟರ್ ಹೆಂಡತಿಯನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆಯಮ್ಮ ಚೀಲವನ್ನು ಎದೆಗೆ ಹಿಡಿದುಕೊಂಡೇ ಕೇಳಿಸಿಕೊಂಡರು. ಆಮೇಲೆ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ.

“ನಿಮ್ ಹತ್ರ ಹೆಂಗ್ ಹೇಳುದ್ರಪ್ಪ ಅವ್ರು? ಇಪ್ಪತ್ತಾರ್ ವರ್ಷ ಆಯ್ತು ಜೊತೇಲಿ. ನನ್ ಹತ್ರ ಹೇಳ್ದೆ ಇರೋದ್ನ ನಿಮ್ ಹತ್ರ ಹೇಳವ್ರಲ್ಲ. ನಾನೇನ್ ಮಾಡಿದ್ದೆ?”

ನನ್ನ ಚೀಲದಲ್ಲಿ ಆ ಅರ್ಧ ಪುಟ ಇತ್ತು. ಅದನ್ನು ಪೂರ್ತಿ ಮಾಡಿಕೊಟ್ಟಿದ್ದರೂ ಈ ಮಾತಿಗೆ ಅದರಲ್ಲಿ ಉತ್ತರ ಇರಲಿಲ್ಲ. ಗಂಡ ಮನೆಗೆ ಹೋದರೂ ಆಯಮ್ಮ ಉಳಿದ ದಿನವೆಲ್ಲ ಇದನ್ನೇ ಕೇಳಿಕೊಳ್ಳುತ್ತಿದ್ದರು.

“ಅವ್ರು ಹೇಳಿಲ್ಲ ಅಕ್ಕ,” ಅಂದೆ. “ಅವ್ರು ಕೇಳಿದ್ದು ಶುಕ್ರವಾರ ಯಾವಾಗ ಅಂತ, ಅಷ್ಟೇಯ. ಮಿಕ್ಕಿದ್ದೆಲ್ಲ ನಾವ್ ಬರ್ಕಂಡಿದ್ದು.”

“ಹೇಳ್ದೆ ಇರೋದ್ನ ಯಾಕ್ ಬರ್ಕಂಡ್ರಿ?”

ಮಾರ್ಕ್ಸಿಗೆ ಅಂದೆ. ಆ ಪದ ಅವರಿಗೆ ಗೊತ್ತಿತ್ತು, ಮಗಳನ್ನು ಓದಿಸಿದವರು. ನನ್ನನ್ನು ಕಾಲಿಂದ ತಲೆಯವರೆಗೆ ಒಂದು ಸಲ ನೋಡಿ, ಹೋಗಿ ಗಂಡನ ಪಕ್ಕದಲ್ಲಿ ಕೂತರು. ಅವರ ಕೈ ಮೇಲೆ ಕೈ ಇಟ್ಟರು.

ನಾನು ಡ್ಯೂಟಿ ಡಾಕ್ಟರ ರೂಮಿಗೆ ಹೋದೆ. ಎಲ್ಲ ಹೇಳಿದೆ. ಬರೆಸಿಕೊಟ್ಟವನ ಹೆಸರನ್ನು ಮಾತ್ರ ಹೇಳಲಿಲ್ಲ, ಬರೆದ ಕೈ ನನ್ನದು ಅಂದೆ.

“ನಿನ್ನೆ ಹೌದು ಸರ್ ಅಂದ್ರಿ. ಇವತ್ತು ಇಲ್ಲ ಸರ್ ಅಂತೀರ. ನಾನು ಯಾವುದ್ನ ನಂಬ್ಲಿ ಹೇಳಿ?”

ನಂಬಿಸಲು ನನ್ನ ಹತ್ತಿರ ಇದ್ದದ್ದು ಆ ರಫ್ ಹಾಳೆ ಒಂದೇ. ಕೆಂಪು ಗೀಟಿನ ಅಡಿಯಲ್ಲಿ ಮೂರು ಪ್ರಶ್ನೆ, ಮೂರು ಉತ್ತರ, ಮೇಲೆ ಮೇಡಂ ಸಹಿ, ಮಂಗಳವಾರದ ತಾರೀಕು. ಅವರು ಅದನ್ನು ಓದಿದರು. ಆಮೇಲೆ ಎದ್ದು ಹೋಗಿ ರೋಗಿಯ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತರು. ಒಂದು ಗಂಟೆಯ ಮೇಲೆಯೇ ಕೂತಿದ್ದರು. ಬಂದು ನನಗೆ ಹೇಳಿದ್ದು ಇಷ್ಟು: ತನಗೆ ಸರಿ ಅನ್ನಿಸುತ್ತದೆ, ಆದರೆ ಅಂಥ ಮಾತು ಒಮ್ಮೆ ಶೀಟಿಗೆ ಬಂದ ಮೇಲೆ ತಾನೊಬ್ಬನೇ ಅಳಿಸಲು ಆಗುವುದಿಲ್ಲ. ದೊಡ್ಡ ಡಾಕ್ಟರು ನೋಡಬೇಕು. ಅವರು ಬರುವುದು ಶುಕ್ರವಾರ ಹನ್ನೊಂದು ಗಂಟೆಗೆ.

ಮೇಡಂ ಅವತ್ತು ಸಂಜೆ ನನ್ನನ್ನು ಕರೆಸಿದರು. ಅವರು ಕೇಳಿದ್ದು ಒಂದೇ, ನನ್ನ ಹತ್ತಿರ ಹೇಳದೆ ನೇರವಾಗಿ ಡಾಕ್ಟರ ಹತ್ತಿರ ಯಾಕೆ ಹೋದಿರಿ, ಕಾಲೇಜಿನ ಹೆಸರು ಏನಾಗಬೇಕು ಅಂತ. ಹನ್ನೊಂದನೇ ಬೆಡ್ ಹೇಗಿದ್ದಾರೆ ಅಂತ ಕೇಳಲಿಲ್ಲ. ಇಡೀ ಕ್ಲಾಸು ಹೀಗೇ ಬರೆಯುತ್ತದೆ ಅಂದೆ. ಅದು ನಿಮಗೆ ಬೇಡದ ವಿಷಯ ಅಂದರು. ಅವರಿಗೆ ಗೊತ್ತಿತ್ತು ಅಂತ ಅವರ ದನಿಯಲ್ಲೇ ನನಗೆ ತಿಳಿಯಿತು. ಇಷ್ಟು ದಿನ ಅವರು ಸಹಿ ಹಾಕುತ್ತಿದ್ದದ್ದು ನಮ್ಮ ಅಡಿಗೆರೆಗಳಿಗೆ.

ಶುಕ್ರವಾರ ದೊಡ್ಡ ಡಾಕ್ಟರು ಬಂದಾಗ ಹನ್ನೊಂದೂವರೆ. ಮನೆಯ ಕೆಲಸವನ್ನೆಲ್ಲ ನೆಂಟರಿಗೆ ಒಪ್ಪಿಸಿ ಹೆಂಡತಿ ಗಂಡನ ಹತ್ತಿರವೇ ಉಳಿದಿದ್ದರು. ಅವರು ನೋಡಿ, ಮಾತಾಡಿಸಿ, ಹೆಂಡತಿಯನ್ನು ಕೇಳಿ, ಸಹಿ ಹಾಕುವಾಗ ಒಂದು ಗಂಟೆ ದಾಟಿತ್ತು. ಹಾಗಲವಾಡಿಯಲ್ಲಿ ಮಗಳನ್ನು ಹಸೆಯ ಮೇಲೆ ಕೂರಿಸಲು ಇಟ್ಟಿದ್ದ ಹೊತ್ತು ಹನ್ನೆರಡು. ಸಿಸ್ಟರ್ ಪ್ಲಾಸ್ಟಿಕ್ ಕವರನ್ನು ತಂದು ಅವರ ಕೈಗೆ ಕೊಟ್ಟರು. ಪಂಚೆ ಉಟ್ಟುಕೊಂಡು ಹೊರಟುಬಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಪೈಜಾಮ ಬಿಚ್ಚಿ, ಪಂಚೆ ಸುತ್ತಿಕೊಂಡು ಬೆಡ್ಡಿನ ಅಂಚಿಗೆ ಕೂತು, ಲಾಡಿಯ ತುದಿಗೆ ಹೆಂಡತಿಯ ಪಿನ್ನು ಸಿಕ್ಕಿಸಿ, ಸೊಂಟದ ಪಟ್ಟಿಯೊಳಗೆ ಇಂಚಿಂಚಾಗಿ ತೂರಿಸಿ ಪೂರ್ತಿ ಏರಿಸಿದರು. ನಡುವೆ ಒಂದು ಸಲ ಪಿನ್ನು ಒಳಗೇ ಬಿಚ್ಚಿಕೊಂಡಿತು, ಮತ್ತೆ ಮೊದಲಿಂದ ಶುರು ಮಾಡಿದರು. ನಾನು ಕೊಡಿ ಅಂತ ಕೈ ಚಾಚಿದೆ. ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದರು. ಹೆಂಡತಿ ಗಡಿಯಾರ ನೋಡುತ್ತಿದ್ದರು, ಹೊತ್ತಾಯ್ತು ಅನ್ನಲಿಲ್ಲ. ಎರಡೂ ತುದಿ ಸಮ ಮಾಡಿ ಗಂಟು ಹಾಕಿ, ಪೈಜಾಮ ಮಡಚಿ, ಅದರ ಮೇಲೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡು ಎದ್ದರು.

ಕಾಲೇಜಿನಲ್ಲಿ ಸೋಮವಾರ ಹೊಸ ನಿಯಮ ಬಂತು. ಇನ್ನು ಮೇಲೆ ರೆಕಾರ್ಡಿನಲ್ಲಿ ಬೆಡ್ ನಂಬರ್ ಬರೆಯಕೂಡದು, ಊರು ಬರೆಯಕೂಡದು, ‘ಮಿಸ್ಟರ್ ಎಕ್ಸ್’ ಅಂತ ಬರೆಯಬೇಕು. ಉಳಿದದ್ದೆಲ್ಲ ಮೊದಲಿನ ಹಾಗೇ, ಕಪ್ಪು ಪೆನ್ನು, ನೀಲಿ ಪೆನ್ನು, ಮೂರು ಪುಟ. ಊಟದ ಹಾಲಿನಲ್ಲಿ ಈ ಸುದ್ದಿಗೆ ಎಲ್ಲರೂ ನಿರಾಳವಾದರು. ಕೆಲಸ ಇನ್ನೂ ಸುಲಭ ಆಯ್ತಲ್ಲ ಅಂತ ಯಾರೋ ಅಂದರು. ಕುಣಿಗಲ್ಲಿನವನು ನನ್ನ ಎದುರು ಕೂರುವುದನ್ನು ಬಿಟ್ಟಿದ್ದ. ನಾನು ಆ ರಫ್ ಹಾಳೆಯಲ್ಲಿದ್ದದ್ದನ್ನೇ, ಒಂದು ಅಕ್ಷರ ಸೇರಿಸದೆ, ಫೇರ್ ಮಾಡಿ ಕೊಟ್ಟೆ. ಪಾಸಿಗೆ ಕಮ್ಮಿ ಬಂತು, ಆ ವಾರ್ಡಿನ ಪೋಸ್ಟಿಂಗನ್ನು ಮತ್ತೆ ಮಾಡಬೇಕಾಯಿತು.

ಹಾಗೆ ಮತ್ತೆ ಮಾಡುತ್ತಿದ್ದಾಗಲೇ ಹನ್ನೊಂದನೇ ಬೆಡ್ಡಿನವರು ಮಾತ್ರೆಗೆ ಅಂತ ಬಂದದ್ದು. ಹೊರರೋಗಿಗಳ ಬೆಂಚಿನ ಮೇಲೆ ಗಂಡ ಹೆಂಡತಿ ಟೋಕನ್ ಹಿಡಿದು ಕೂತಿದ್ದರು. ಅಂಗಿಯ ಗುಂಡಿ ಕತ್ತಿನವರೆಗೂ ಇತ್ತು. ಆಯಮ್ಮ ನನ್ನನ್ನು ಗುರುತಿಸಿ ಮಾತಾಡಿದರು. ಅವತ್ತು ಅವರು ಹೋಗುವ ಹೊತ್ತಿಗೆ ಆರತಿ ಆಗಿಹೋಗಿತ್ತಂತೆ, ಊಟದ ಎಲೆಗಳನ್ನೂ ಎತ್ತುತ್ತಿದ್ದರಂತೆ. ಬೀಗರು ಎಲ್ಲಿಂದ ಬಂದಿರಿ ಅಂತ ಕೇಳಿದರಂತೆ.

“ಹೇಳ್ಬುಟ್ಟೆ, ಆಸ್ಪತ್ರೇಲಿದ್ರು ಅಂತ. ಇನ್ನೊಂದ್ ಸುಳ್ಳು ಹುಡ್ಕಕ್ಕೆ ಬಾಯೇ ಬರ್ಲಿಲ್ಲ ಕಣಪ್ಪ.”

ಬೀಗರು ಏನಂದರು ಅಂತ ನಾನು ಕೇಳಲಿಲ್ಲ, ಆಯಮ್ಮನೂ ಹೇಳಲಿಲ್ಲ. ಮಗಳು ಅಪ್ಪನಿಗಾಗಿ ಹಸೆಯ ಮೇಲಿಂದ ಏಳದೆ ಅರ್ಧ ಗಂಟೆ ಹಾಗೇ ಕೂತಿದ್ದಳು ಅಂತ ಮಾತ್ರ ಹೇಳಿದರು.

ನಾನು ಗಂಡನ ಪಕ್ಕದಲ್ಲಿ ಖಾಲಿ ಇದ್ದ ಜಾಗದಲ್ಲಿ ಕೂತೆ. ಕ್ಷಮಿಸಿ ಅನ್ನಬೇಕು ಅಂತಿದ್ದೆ. ಕೂತಾಗ ನನ್ನ ಜೇಬಿನಲ್ಲಿದ್ದ ಎರಡು ಪೆನ್ನುಗಳ ಮೇಲೆ ಅವರ ಕಣ್ಣು ಹೋಯಿತು, ಕಪ್ಪು ಒಂದು, ನೀಲಿ ಒಂದು. ಅಷ್ಟು ದಿನದಲ್ಲಿ ಅವರು ನನ್ನೊಂದಿಗೆ ಆಡಿದ ಉದ್ದದ ಮಾತು ಆಗ ಬಂತು. ದನಿಯಲ್ಲಿ ಸಿಟ್ಟು ಇರಲಿಲ್ಲ.

“ನಿಮ್ ಹತ್ರ ನಾನೇನು ಮಾತಾಡಲ್ಲ ಸಾಮಿ. ಸುಮ್ನಿದ್ರೇನೇ ಅಷ್ಟ್ ಬರ್ಕಂಡಿದ್ರಿ.”

ಹೇಳಿ, ಟೋಕನ್ನು ತೆಗೆದುಕೊಂಡು ಎದ್ದು, ಎದುರು ಗೋಡೆಯ ಬೆಂಚಿಗೆ ಹೋಗಿ ಕೂತರು. ಆಯಮ್ಮ ಚೀಲ ಎತ್ತಿಕೊಂಡು ಹಿಂದೆಯೇ ಹೋದರು. ಅವರ ನಂಬರು ಕೂಗುವವರೆಗೂ ನಾನು ಇತ್ತ ಕಡೆ, ಅವರು ಅತ್ತ ಕಡೆ ಕೂತಿದ್ದೆವು.